ಸೋಣೆ ಹೂವಿನೊಳಗಿದ್ದ ಜೇನು

ಮೊದಲು ಅಂಗೈ ತುರಿಸಿತು.

ಮಳೆ ಇಳಿಯುವ ಸೋಣೆ ತಿಂಗಳಿಡೀ ಬೆಳಿಗ್ಗೆ ಹೊಸ್ತಿಲಿಗೆ ಹೂವಿಟ್ಟು ಹೊಸ್ತಿಲಜ್ಜಿಯನ್ನು ಪೂಜಿಸುವುದು ನಮ್ಮ ಕ್ರಮ. ಬೇಲಿ ಬದಿಯಲ್ಲಿ ಸೋಣೆ ಹೂವು ಕೊಯ್ಯುತ್ತಿದ್ದೆ. ಒಂದರೊಳಗೆ ಜೇನಿತ್ತು, ನೋಡದೆ ಬೆರಳು ಮುಚ್ಚಿದೆ. ಕುಟುಕಿತು. ಹಿಂದೆಯೂ ಕುಟುಕಿಸಿಕೊಂಡವಳೇ, ಸುಣ್ಣ ಹಚ್ಚಿದರಾಯಿತು ಅಂದುಕೊಂಡೆ. ಒಳಗೆ ಬರುವಷ್ಟರಲ್ಲಿ ತುಟಿ ದಪ್ಪ. ಇವರನ್ನು "ಹ್ವಾಯ್" ಎಂದು ಕರೆಯಲೂ ಸ್ವರವಿಲ್ಲ. ತಪ್ಪಲೆ ಬೀಳಿಸಿದೆ. ಆ ಸದ್ದಿಗೆ ಅತ್ತೆ ಓಡಿ ಬಂದರು.

ಆಮೇಲಿನದು ನೆನಪಿಲ್ಲ.

ಕುಂದಾಪುರದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮೂಗಿಗೆ ಆಕ್ಸಿಜನ್. "ಸಿವಿಯರ್ ಅಲರ್ಜಿ" ಅಂದರು ಡಾಕ್ಟರು. "ಇನ್ನೊಮ್ಮೆ ಕುಟುಕಿದರೆ ಇಲ್ಲಿಗೆ ಬರುವವರೆಗೆ ಕಾಯಬೇಡಿ. ಅಡ್ರಿನಾಲಿನ್ ಮನೆಯಲ್ಲೇ ಇರಲಿ. ಚುಚ್ಚುವುದನ್ನು ಮನೆಯವರು ಕಲಿಯಲಿ."

ಇವರು ಕೋಟೇಶ್ವರದಲ್ಲಿ ಮೀನು ವ್ಯಾಪಾರ ಮಾಡುವವರು. ಅಂಜಲ್ ತುಂಡು ಮಾಡುವ ಕೈ ಸಿರಿಂಜನ್ನೂ ಕತ್ತಿಯಂತೆ ಹಿಡಿಯಿತು.

ಮನೆಗೆ ಬಂದವರೇ ಕತ್ತಿ ತೆಗೆದರು. "ಬೇಲಿ ಬದಿದ್ ಎಲ್ಲ ಕಡ್ದ್ ಹಾಕ್ತೆ."

ಆ ಸೋಣೆ ಹೂವು, ತುಂಬೆ ಎಲ್ಲ ನಾನೇ ಹಾಡಿಯ ಕುರುಚಲು ಕಾಡಿನಿಂದ ತಂದು ನೆಟ್ಟದ್ದು. ಮೊದಲು ನಮ್ಮ ಹೀರೆ ಬಳ್ಳಿ ಹೂ ಬಿಟ್ಟು ಬರಿದೇ ಉದುರಿಸುತ್ತಿತ್ತು. ಜೇನು ಬರತೊಡಗಿದ ಮೇಲೆ ಕಾಯಿ ನಿಂತಿತು. ಆ ಗುಂಯ್ ಸದ್ದು ಕೇಳದೆ ನನಗೆ ಬೆಳಗಾದಂತೇ ಅನ್ನಿಸುತ್ತಿರಲಿಲ್ಲ. ಆದರೆ ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರ ಹತ್ತಿರ ಗಿಡ ಉಳಿಸಿ ಎನ್ನುವುದು ಹೇಗೆ?

ಅಡ್ಡ ನಿಂತದ್ದು ಅತ್ತೆ.

"ಸೋಣೆ ತಿಂಗ್ಳಗೆ ಹೂವಿನ್ ಗಿಡಕ್ಕೆ ಕತ್ತಿ ಹಾಕ್ತ್ಯಾ? ಹೊಸ್ತ್ಲಜ್ಜಿಗೆ ಎಂತ, ಬಂಗ್ಡಿ ಮೀನ್ ಇಡುದಾ?"

"ಹಾಂಗಾರೆ ತಿಂಗ್ಳ್ ಮುಗಿಲಿ" ಎಂದು ಕತ್ತಿ ಕೆಳಗಿಟ್ಟರು.

ಹೂ ಕೊಯ್ಯುವ ಕೆಲಸ ಇವರ ಪಾಲಿಗೆ ಬಂತು. ನಾನು ಬಲೆ ಹೊಡೆದ ಕಿಟಕಿಯ ಒಳಗೆ. ಒಂದೊಂದು ಹೂವನ್ನೂ ಬಗ್ಗಿ ನೋಡುವರು. ಜೇನಿದ್ದರೆ ಅದು ಏಳುವವರೆಗೆ ಕಾಯುವರು. "ಹ್ವಾಯ್, ಮೀನಿನ್ ಹಾಂಗೆ ಹೂವಿಗೂ ಕಿವಿರ್ ಎತ್ತಿ ಕಾಂತ್ರ್ಯಾ?" ಎಂದು ಪಕ್ಕದ ಮನೆಯ ಗಿರಿಜಕ್ಕ ನಗುವರು. ಮಧ್ಯಾಹ್ನ ಇವರು ಸಿರಿಂಜಿಗೆ ನೀರು ತುಂಬಿಸಿ ಬದನೆಕಾಯಿಗೆ ಚುಚ್ಚಿ ಕಲಿತರು. ಕೈ ನಿಧಾನವಾಗಿ ಪಳಗಿತು.

ಸೋಣೆ ಮುಗಿಯಿತು. ಹೊಸ್ತಿಲಜ್ಜಿಗೆ ಕಡುಬಿಟ್ಟು ಕಳಿಸಿಕೊಟ್ಟ ಮರುದಿನ ಅಂಗಳದಲ್ಲಿ ಕತ್ತಿಯ ಸದ್ದು.

ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಓಡಿದೆ.

ಕಿಟಕಿಗೆ ಬಂದು ನೋಡಿದರೆ, ಬಾವಿಕಟ್ಟೆ ಮತ್ತು ಬಟ್ಟೆ ಒಣಗಿಸುವ ಜಾಗದ ಹತ್ತಿರ ತಾನಾಗಿ ಹುಟ್ಟಿದ ಹೂಗಿಡಗಳನ್ನು ಮಾತ್ರ ಕಡಿಯುತ್ತಿದ್ದರು. ಬೇಲಿಯದು ಹಾಗೇ ಇತ್ತು.

"ಅದ್ ಅಲ್ಲೇ ಇರ್ಲಿ" ಎಂದರು, ನನ್ನ ಕಡೆ ನೋಡದೆ. "ನೀ ಆಚಿಗೆ ಹೋಪುಕಿಲ್ಲ, ಅಷ್ಟೇ."

ಭಯ ಹೋಗಿಲ್ಲ. ಇಂಜೆಕ್ಷನ್ ಡಬ್ಬಿ ಬಾಗಿಲ ಪಕ್ಕದ ಗೂಡಿನಲ್ಲಿದೆ. ಇವತ್ತು ಬಿಸಿಲು ಬಿದ್ದು ತುಂಬೆಯೆಲ್ಲ ಬೆಳ್ಳಗೆ. ಮೀನಂಗಡಿಯಿಂದ ಇವರ ಫೋನು.

"ಜೇನ್ ಬಂತಾ?"

"ಬಂತ್."

"ಕಿಟ್ಕಿ ಹಾಕಿದ್ಯಾ?"

"ಬಲೆ ಇತ್ತ್ ಮಾರಾಯ್ರೆ" ಎಂದೆ, ಕಿಟಕಿ ತೆರೆದೇ ಇಟ್ಟು.