ಮೂಗಣ್ಣನ ಮೂಗು ಹೋದದ್ದು

ಮೂಗಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಗುರುತಿನ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಇಪ್ಪತ್ತಾರು ವರ್ಷದಿಂದ ಅವನು ಕೆಲಸ ಮಾಡುತ್ತಿದ್ದ ಮದ್ಯದಂಗಡಿಗೆ ಬಂದ ಗಿರಾಕಿಗಳು ಬಾಗಿಲು ತಳ್ಳಿದ ಕೂಡಲೇ "ಮೂಗಣ್ಣ ಇದ್ದಾನಾ?" ಎಂದು ಕೇಳುತ್ತಿದ್ದರು. ಇದ್ದಾನೆ ಎಂದರೆ ಒಳಗೆ, ಇಲ್ಲ ಎಂದರೆ ನಾಳೆ. ಹೆಂಡತಿಯ ತವರಿನವರು ಮಾತ್ರ ಈ ಹೆಸರು ಕೇಳಿ ಮೂಗು ಮುರಿಯುತ್ತಿದ್ದರು. ಮುರಿಯಲಿ ಬಿಡಿ, ಅವರ ಮೂಗು ಅವರದು.

ನೋಡುವುದಕ್ಕೆ ಅವನದು ಏನೇನೂ ಅಲ್ಲದ ಮೊಂಡು ಮೂಗು. ಆದರೆ ಗ್ಲಾಸಿನ ಅಂಚಿಗೆ ಅದನ್ನು ತಂದು ಎರಡು ಸಲ ಉಸಿರೆಳೆದರೆ ಸಾಕು, ಈ ವಿಸ್ಕಿ ಪೀಪಾಯಿಯಲ್ಲಿ ಎಷ್ಟು ವರ್ಷ ಕೂತಿತ್ತು, ಪೀಪಾಯಿಯ ಒಳಮೈಯನ್ನು ಎಷ್ಟು ಸುಟ್ಟಿದ್ದರು ಎಂಬುದನ್ನೆಲ್ಲ ಎದುರಿಗೆ ನಿಂತು ನೋಡಿದವನಂತೆ ಹೇಳುತ್ತಿದ್ದ. ಒಮ್ಮೆ ಒಂದು ಸ್ಯಾಂಪಲ್ ಮೂಸಿ "ಒದ್ದೆ ಗೋಣಿಚೀಲ" ಎಂದು ಪಕ್ಕಕ್ಕೆ ತಳ್ಳಿದ್ದ. ಅದನ್ನೇ ತರಿಸಿಕೊಂಡ ಪಕ್ಕದ ರಸ್ತೆಯ ಅಂಗಡಿಯವನು ವರ್ಷವಿಡೀ ಗಿರಾಕಿಗಳ ಹತ್ತಿರ ಬೈಸಿಕೊಂಡ.

ಅಂಗಡಿಗೆ ಒಂದು ಪದ್ಧತಿ ಇತ್ತು. ಪ್ರತಿ ವರ್ಷ ಚಳಿ ಶುರುವಾಗುವ ಮೊದಲು ಒಂದೇ ಒಂದು ಬರ್ಬನ್, ಅಂದರೆ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ, ಆರಿಸಿ, ಕೇಸುಗಟ್ಟಲೆ ತರಿಸಿ, ಬಾಟಲಿಯ ಕತ್ತಿಗೆ 'ನಮ್ಮ ಆಯ್ಕೆ' ಎಂಬ ಚೀಟಿ ಕಟ್ಟಿ ಮಾರುವುದು. ಷರತ್ತು ಒಂದೇ, ಅದು ನಾನ್-ಚಿಲ್ ಫಿಲ್ಟರ್ಡ್ ಆಗಿರಬೇಕು, ಅಂದರೆ ತಣ್ಣಗೆ ಮಾಡಿ ಸೋಸಿರಬಾರದು. ಹೊಸ ಗಿರಾಕಿಗಳಿಗೆ ಮೂಗಣ್ಣ ಇದನ್ನು ಬಿಡಿಸಿ ಹೇಳುತ್ತಿದ್ದ: "ನೋಡಿ ಸಾರ್, ಕಾಳಿಂದ, ಮರದಿಂದ ಬಂದ ಎಣ್ಣೆ ಅಂಶ ಇದರಲ್ಲಿ ಇರುತ್ತೆ. ತಣ್ಣಗಾದ್ರೆ ಅದು ಮಬ್ಬಾಗುತ್ತೆ. ಜನ ಕೆಟ್ಟೋಯ್ತು ಅಂತ ವಾಪಸ್ ತರ್ತಾರೆ. ಅದಕ್ಕೇ ಕಂಪನಿಯವರು ಮೊದಲೇ ತಣ್ಣಗೆ ಮಾಡಿ ಸೋಸಿಬಿಡ್ತಾರೆ. ಆಮೇಲೆ ನೋಡೋಕೆ ಫಳಫಳ ಅನ್ನುತ್ತೆ, ಆದ್ರೆ ಕೆನೆ ತೆಗೆದ ಹಾಲು. ನಿಮಗೆ ಕೆನೆ ಬೇಕೋ, ಫಳಫಳ ಬೇಕೋ?" ಕೆನೆ ಬೇಡ ಎಂದವರನ್ನು ಅವನು ಈವರೆಗೆ ಕಂಡಿರಲಿಲ್ಲ.

ಆರಿಸುವ ಕೆಲಸ ಎರಡು ಹಂತದ್ದು. ಐದು ಕಂಪನಿಗಳ ಸ್ಯಾಂಪಲ್‌ಗಳಲ್ಲಿ ಮೂರನ್ನು ಮೂಗಣ್ಣ ಉಳಿಸಬೇಕು. ಆ ಮೂರರಲ್ಲಿ ಯಾವುದು ಎಂಬುದು ಯಜಮಾನರ ತೀರ್ಮಾನ. ಎಪ್ಪತ್ತು ದಾಟಿದ ಯಜಮಾನರು ಹೃದಯದ ಆಪರೇಷನ್ ಆದ ಮೇಲೆ ಕುಡಿಯುವುದನ್ನು ಬಿಟ್ಟಿದ್ದರು, ಮೂಸುವುದನ್ನು ಬಿಟ್ಟಿರಲಿಲ್ಲ. ಮೂಗಣ್ಣನಿಗೆ ಈ ವಿದ್ಯೆ ಕಲಿಸಿದ್ದೇ ಅವರು.

ಇಂಥ ಮೂಗಣ್ಣನಿಗೆ ಒಮ್ಮೆ ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದ. ಐದನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಿದ್ದಾಗ ಹೆಂಡತಿ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಓಡಿ ಬಂದಳು. ಹಾಲು ಉಕ್ಕಿ ಸುರಿದು, ಪಾತ್ರೆ ಕರಕಲಾಗಿ, ಹೊಗೆ ಏಳುತ್ತಿತ್ತು.

"ಏನ್ರೀ ಇದು! ಪಕ್ಕದ ಮನೆಯವರಿಗೆಲ್ಲ ಗೊತ್ತಾಯ್ತು, ನಿಮಗೆ ಗೊತ್ತಾಗ್ಲಿಲ್ವಾ? ಮೂಗನ್ನ ಎಲ್ಲಿ ಅಡ ಇಟ್ಟು ಬಂದ್ರಿ?"

ತಮಾಷೆಗೆ ಅಂದ ಮಾತು. ಅವನು ನಗಲಿಲ್ಲ. ಎದ್ದು ಹೋಗಿ ಕಾಫಿಪುಡಿಯ ಡಬ್ಬಿ ತೆರೆದು ಮೂಸಿದ. ಬೆಳ್ಳುಳ್ಳಿ ಜಜ್ಜಿ ಮೂಸಿದ. ಫಿನಾಯಿಲ್ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. ಎಲ್ಲವೂ ಬರೀ ಗಾಳಿ. ಹೆಂಡತಿ ಅವನ ಮುಖ ನೋಡಿ ಟವೆಲ್ ಕೆಳಗಿಳಿಸಿದಳು.

"ತಿಂಗಳಲ್ಲಿ ಬರಬಹುದು, ವರ್ಷ ಆಗಬಹುದು, ಕೆಲವರಿಗೆ ಬರೋದೇ ಇಲ್ಲ. ಪ್ರಾಣಕ್ಕೇನೂ ಅಪಾಯ ಇಲ್ಲ, ಹೆದರ್ಬೇಡಿ" ಎಂದರು ಡಾಕ್ಟರು. ಬಡಗಿಯ ಎರಡೂ ಕೈ ಹೋಗಿವೆ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದ ಹಾಗಾಯಿತು.

"ಯಜಮಾನರಿಗೆ ಹೇಳಿಬಿಡಿ" ಎಂದಳು ಹೆಂಡತಿ.

"ಹೇಳಿದ್ರೆ? ಮೂಗಿಲ್ಲದ ಮೂಗಣ್ಣನಿಗೆ ಅಲ್ಲೇನು ಕೆಲಸ? ಆ ವ್ಯಾನ್ ಡ್ರೈವರ್ ಕಥೆ ಮರೆತ್ಯಾ?"

ಅವಳು ಮರೆತಿರಲಿಲ್ಲ. ಅಂಗಡಿಯ ವ್ಯಾನ್ ಓಡಿಸುತ್ತಿದ್ದವನು ತನಗೆ ಕಣ್ಣು ಮಂಜಾಗಿದ್ದನ್ನು ಯಾರಿಗೂ ಹೇಳದೆ ಆರು ತಿಂಗಳು ದೂಡಿದ್ದ. ಗೊತ್ತಾದ ದಿನ ಮಧ್ಯಾಹ್ನದೊಳಗೆ ಯಜಮಾನರು ಅವನನ್ನು ಕಳಿಸಿಬಿಟ್ಟರು. ಕಣ್ಣು ಹೋದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ಎಂದು ಎಲ್ಲರ ಎದುರು ಹೇಳಿದರು. ಈಗ ಮೂಗಣ್ಣ ಮುಚ್ಚಿಟ್ಟು ಆಗಲೇ ವಾರವಾಗಿತ್ತು. ಹೇಳಿದರೂ ಕೆಟ್ಟ, ಹೇಳದಿದ್ದರೂ ಕೆಟ್ಟ.

ಅಲ್ಲಿಂದ ಅವನ ಪಾಡು ಯಾರಿಗೂ ಬೇಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನು ದಿನಕ್ಕೆ ನೂರು ಸಲ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದ. ಗಿರಾಕಿಯೊಬ್ಬರು "ಏನೋ ಘಾಟು ಬರ್ತಿದೆಯಲ್ಲ" ಎಂದರೆ ಏನನ್ನೋ ಹುಡುಕುವವನಂತೆ ಒಳಗೆ ಹೋಗಿಬಿಡುತ್ತಿದ್ದ. ಕೊನೆಗೆ ಒಂದು ಉಪಾಯ ಕಂಡುಕೊಂಡ. ಯಾರಾದರೂ ಯಾವುದು ಒಳ್ಳೆಯದು ಎಂದು ಕೇಳಿದರೆ ಎರಡು ಗ್ಲಾಸು ಮುಂದಿಟ್ಟು "ನಿಮಗೇನನ್ಸುತ್ತೆ ಸಾರ್?" ಎನ್ನುವುದು. ಕೇಳಿಸಿಕೊಂಡವರು ಉಬ್ಬಿ, ಬೆಣ್ಣೆ, ಜೇನು ಎಂದು ಏನೇನೋ ಹೇಳುತ್ತಿದ್ದರು. ಇವನು "ಅದೇ, ನಾನೂ ಅದನ್ನೇ ಅಂದ್ಕೊಂಡೆ" ಎಂದು ತಲೆ ಆಡಿಸುತ್ತಿದ್ದ. ಆಡಿಸುವಾಗ ಎದುರಿನವರ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ, ಎಲ್ಲಿ ಅನುಮಾನ ಹುಟ್ಟಿತೋ ಎಂದು. ಮನೆಗೆ ಬಂದರೆ ಅಲ್ಲೂ ನೆಮ್ಮದಿಯಿಲ್ಲ. ಗ್ಯಾಸ್ ಸೋರುತ್ತಿದ್ದರೂ ತನಗೆ ತಿಳಿಯುವುದಿಲ್ಲವಲ್ಲ ಎಂದು ಒಲೆಯ ನಾಬನ್ನು ಹತ್ತು ಸಲ ತಿರುಗಿಸಿ ನೋಡುತ್ತಿದ್ದ.

ಹೀಗಿರುವಾಗ ಐದು ಸ್ಯಾಂಪಲ್‌ಗಳು ಬಂದವು.

ಅಂದು ಸಂಜೆ ಐದಕ್ಕೆ ಯಜಮಾನರು ಬರುವವರಿದ್ದರು. ಮೂಗಣ್ಣ ಬೆಳಿಗ್ಗೆಯೇ ಅಂಗಡಿಯ ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಮೊದಲು ಐದನ್ನೂ ಮೂಸಿದ, ಆಸೆಗೇನು, ಯಾರಪ್ಪನ ಮನೆ ಗಂಟು? ಏನೂ ಬರಲಿಲ್ಲ. ಆಮೇಲೆ ಕಣ್ಣಿಗೆ ಕೆಲಸ ಕೊಟ್ಟ. ಐದರ ಮೇಲೂ ನಾನ್-ಚಿಲ್ ಫಿಲ್ಟರ್ಡ್ ಎಂದೇ ಬರೆದಿತ್ತು. ಸ್ಟ್ರಾಂಗ್ ಇರುವ ಬರ್ಬನ್ ತನ್ನ ಮಬ್ಬನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ, ಹಾಗೇ ನೋಡಿದರೆ ತೋರಿಸುವುದಿಲ್ಲ. ಅದಕ್ಕೇ ಪ್ರತಿಯೊಂದರಿಂದ ಸ್ವಲ್ಪ ತೆಗೆದು ಫ್ರಿಜ್ಜಿನಲ್ಲಿಟ್ಟು, ಆಮೇಲೆ ತಣ್ಣೀರು ಬೆರೆಸಿದ. ನಾಲ್ಕು ಮೆಲ್ಲಗೆ ಮಬ್ಬಾದವು. ಮೂರನೆಯದು ಮಾತ್ರ ಕನ್ನಡಿಯ ಹಾಗೆ ನಿಂತಿತು. ಸುಳ್ಳುಬುರುಕ ಎಂದು ಬೈದು ಅದನ್ನು ಬದಿಗಿಟ್ಟ. ನಾಲಿಗೆಗೆ ಸಿಹಿ ಕಹಿ ಇನ್ನೂ ತಿಳಿಯುತ್ತಿತ್ತು. ಐದನೆಯದು ಕಹಿ, ಪೀಪಾಯಿಯಲ್ಲಿ ಹೆಚ್ಚು ದಿನ ಕೂತು ಮರದ ಒಗರು ಕುಡಿದದ್ದು. ಅದೂ ಹೋಯಿತು. ಉಳಿದದ್ದು ಒಂದು, ಎರಡು, ನಾಲ್ಕು. ಅಂಗೈಗೆ ಹಚ್ಚಿ ತಿಕ್ಕಿದರೆ ಮೂರೂ ಒಂದೇ ಸಮನೆ ಜಿಡ್ಡು ಜಿಡ್ಡು. ಇನ್ನು ಮುಂದಿನದು ಮೂಗಿನ ಕೆಲಸ. ಈ ಮೂರರಲ್ಲಿ ಒಂದು ಒದ್ದೆ ಗೋಣಿಚೀಲವಾಗಿದ್ದರೂ ಅವನಿಗೆ ತಿಳಿಯುವಂತಿರಲಿಲ್ಲ. ಯಜಮಾನರು ಇದ್ದಾರೆ, ಕೆಟ್ಟದ್ದನ್ನು ಅವರು ಹಿಡಿಯುತ್ತಾರೆ ಎಂಬುದೊಂದೇ ಧೈರ್ಯ. ಅವರು ಹಿಡಿದರೆ ನಾನೂ ಸಿಕ್ಕಿಬೀಳುತ್ತೇನೆ ಎಂಬುದೇ ಭಯ.

ಸುಮ್ಮನೆ ಕೂರಲಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕೆಂದು ಶೋಕೇಸಿನ ಬಾಟಲಿ ತೊಳೆಯಲು ಕೂತ. ಬಿಸಿಲಿಗೆ ಇಟ್ಟ ಬರ್ಬನ್ ಕೆಡುತ್ತದೆ. ಹಾಗಾಗಿ ಶೋಕೇಸಿನ ಬಾಟಲಿಗಳಲ್ಲಿ ಇರುವುದು ಹಾಲಿಲ್ಲದ ತೆಳು ಟೀ. ವಾರಕ್ಕೊಮ್ಮೆ ಹೊಸ ಟೀ ಮಾಡಿ ಒಂದು ಗ್ಲಾಸಿಗೆ ಬಗ್ಗಿಸಿ, ನಿಜವಾದ ಬರ್ಬನ್ ಪಕ್ಕ ಹಿಡಿದು, ಬಣ್ಣ ಕೂಡುವವರೆಗೆ ನೀರು ಬೆರೆಸಬೇಕು. ಎರಡನೆಯ ನಂಬರಿನ ಗ್ಲಾಸನ್ನು ಕಿಟಕಿಯ ಹತ್ತಿರ ಒಯ್ದು ಬಣ್ಣ ಕೂಡಿಸುತ್ತಿದ್ದಾಗಲೇ ಹೊರಗೆ ಯಜಮಾನರ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮೂಗಣ್ಣ ಗಡಬಡಿಸಿ ಕೈಗೆ ಸಿಕ್ಕಿದ ಗ್ಲಾಸನ್ನು ತಂದು, 1, 2, 4 ಎಂದು ಬರೆದ ಕಾಗದದ ಮೇಲೆ ಮೂರನ್ನೂ ಇಟ್ಟು, ಮುಚ್ಚಳ ಮುಚ್ಚಿದ.

ಯಜಮಾನರು ಬಂದು ಕುರ್ಚಿಯಲ್ಲಿ ಕೂತು, ಎಂದಿನಂತೆ "ಹೇಳಯ್ಯಾ, ನೀನೇನಂತೀಯಾ?" ಎಂದರು.

"ಈ ಸಲ ನೀವೇ ಮೊದಲು ಹೇಳಿ ಯಜಮಾನ್ರೇ" ಎಂದ ಮೂಗಣ್ಣ. ದನಿ ತನ್ನದಲ್ಲ ಎನ್ನಿಸಿತು.

ಯಜಮಾನರ ಕೈ ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಒಂದನೆಯ ಗ್ಲಾಸಿನ ಮುಚ್ಚಳ ತೆಗೆದು ಮೂಸಿದರು, ಹೂಂ ಎಂದರು. ಎರಡನೆಯದನ್ನು ಎತ್ತಿ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು. "ಇದೇ ಕಣಯ್ಯಾ. ಸುಟ್ಟ ಸಕ್ಕರೆ, ವೆನಿಲಾ, ಹಳೇ ಮರದ ಪೆಟ್ಟಿಗೆ. ಇದನ್ನೇ ತರಿಸು."

ಮೂಗಣ್ಣನಿಗೆ ಹೋದ ಜೀವ ಬಂದಂತಾಯಿತು. ಬಂದದ್ದು ಒಂದೇ ಉಸಿರಿನಷ್ಟು ಹೊತ್ತು. ಕಣ್ಣು ಕಿಟಕಿಯ ಕಡೆ ಹೋಯಿತು. ಅಲ್ಲಿ ಉಳಿದಿದ್ದ ಗ್ಲಾಸಿನ ಗೋಡೆಯ ಮೇಲೆ, ಇಳಿಬಿಸಿಲಿನಲ್ಲಿ, ಎಣ್ಣೆಯಂಥ ಸಣ್ಣ ಸಣ್ಣ ಗೆರೆಗಳು ನಿಧಾನಕ್ಕೆ ಇಳಿಯುತ್ತಿದ್ದವು. ಟೀಗೆ ಅಂಥ ಗೆರೆ ಬರುವುದಿಲ್ಲ. ಅದು ಬರ್ಬನ್. ಯಜಮಾನರ ಕೈಯಲ್ಲಿರುವುದು ಟೀ.

ಯಜಮಾನರಿಗೆ ಗೊತ್ತಾಗಿಬಿಟ್ಟಿದೆ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ. ಅವರ ಮುಖ ನೋಡಿದ. ಯಜಮಾನರು ರೆಪ್ಪೆ ಬಡಿಯದೆ ಇವನ ಮುಖವನ್ನೇ ನೋಡುತ್ತಿದ್ದರು. ಹಣೆಯ ಮೇಲೆ ಬೆವರು. ಆ ನೋಟ ಮೂಗಣ್ಣನಿಗೆ ಚೆನ್ನಾಗಿ ಗೊತ್ತು. ಮೂರು ವಾರದಿಂದ ಗಿರಾಕಿಗಳ ಮುಂದೆ ಅವನು ಹೊತ್ತು ನಿಂತದ್ದು ಅದನ್ನೇ.

ಪ್ರತಿ ವರ್ಷ ಅವರು "ನೀನೇನಂತೀಯಾ" ಎಂದು ಮೊದಲು ಕೇಳಿ, ಆಮೇಲೆ "ನಾನೂ ಅದನ್ನೇ ಅಂದ್ಕೊಂಡೆ" ಎನ್ನುತ್ತಿದ್ದುದು ನೆನಪಾಯಿತು. ಅಂದರೆ ಇಷ್ಟು ವರ್ಷ ಆರಿಸಿದವನು ತಾನೊಬ್ಬನೇ. ತಪ್ಪಿದರೆ ಹಿಡಿಯುವವರಿದ್ದಾರೆ ಎಂದು ಒರಗಿಕೊಂಡಿದ್ದ ಗೋಡೆ ಅಲ್ಲಿರಲೇ ಇಲ್ಲ. ಕೆಲಸ ಹೋದೀತೆಂಬ ಹೆದರಿಕೆ ಇದರ ಮುಂದೆ ಸಣ್ಣದೆನಿಸಿತು. ಹೂಂ ಎಂದುಬಿಟ್ಟರೆ ಆಯಿತು, ಟೀ ಆರಿಸಿದ ಇಬ್ಬರೂ ಗೌರವದಿಂದ ಮನೆಗೆ ಹೋಗಬಹುದು. ನಂಬಿ ಬರುವ ಗಿರಾಕಿಗಳ ಪಾಲಿಗೆ ಏನು ಬಂದರೆ ಅದು.

"ಯಜಮಾನ್ರೇ, ಅದು ಟೀ" ಎಂದ.

ಯಜಮಾನರು ಗ್ಲಾಸನ್ನು ಮೇಜಿನ ಮೇಲಿಟ್ಟು ಮುಚ್ಚಳ ಮುಚ್ಚಿದರು.

"ನನ್ನ ಮೂಗು ಆಪರೇಷನ್ ಆದಾಗಲೇ ಹೋಯ್ತು. ಹತ್ತು ವರ್ಷ ಆಯ್ತು" ಎಂದರು ಯಜಮಾನರು. "ಆ ಡ್ರೈವರ್‌ನ ಕಳಿಸಿದಾಗ ನನ್ನದು ಹೋಗಿ ಎರಡು ವರ್ಷ ಆಗಿತ್ತು. ಮುಚ್ಚಿಡೋನಿಗೇ ಮುಚ್ಚಿಟ್ಟೋನ ಮೇಲೆ ಸಿಟ್ಟು ಜಾಸ್ತಿ." ಮುಖ ಒರೆಸಿಕೊಂಡರು. "ಹೋಗ್ಲಿ. ನಿನ್ನ ಮೂಗು ಇದೆಯಲ್ಲ, ಅದನ್ನ ನಂಬ್ಕೊಂಡೇ ಅಂಗಡಿ ನಡೆಸಿದೀನಿ. ನೀನೇ ಹೇಳು, ಒಂದಾ ನಾಲ್ಕಾ?"

ಮೂಗಣ್ಣ ಮೂಗು ಮುಟ್ಟಿಕೊಂಡ. "ನನ್ನದೂ ಹೋಗಿದೆ ಯಜಮಾನ್ರೇ. ಮೂರು ವಾರ ಆಯ್ತು."

ಯಜಮಾನರು ನಗುತ್ತಾರೆ ಎಂದುಕೊಂಡ, ಇಲ್ಲವೇ ಎದ್ದು ಬಾಗಿಲು ತೋರಿಸುತ್ತಾರೆ ಎಂದುಕೊಂಡ. ಅವರು ಎರಡೂ ಮಾಡಲಿಲ್ಲ. ಫೋನ್ ತೆಗೆದು ಕಂಪನಿಗಳ ಏಜೆಂಟನಿಗೆ ಈ ವರ್ಷ 'ನಮ್ಮ ಆಯ್ಕೆ' ಎಂಬುದು ಇಲ್ಲ, ಯಾವುದನ್ನೂ ಕಳಿಸಬೇಡಿ ಎಂದರು. ಆ ಕಡೆಯವನು ಕಾರಣ ಕೇಳಿರಬೇಕು. "ಆರಿಸೋಕೆ ನಮಗೆ ಆಗ್ಲಿಲ್ಲ" ಎಂದು ಇಟ್ಟರು.

ಮೂಗಣ್ಣ ತನ್ನ ಚೀಲ ಎತ್ತಿಕೊಂಡು ಬಾಗಿಲ ಹತ್ತಿರ ನಿಂತ. ಇಪ್ಪತ್ತಾರು ವರ್ಷ ಮುಗಿಯಿತು ಎಂದು ಅವನ ಲೆಕ್ಕ.

"ನಾಳೆ ಹತ್ತಕ್ಕೆ ಬಾ" ಎಂದರು ಯಜಮಾನರು, ತಲೆ ಎತ್ತದೆ.

"ಯಾವ ಕೆಲಸಕ್ಕೆ ಯಜಮಾನ್ರೇ? ನನಗೇನೂ ಗೊತ್ತಾಗಲ್ಲವಲ್ಲ."

"ಮೂಗಿರೋರು ಯಾರಾದ್ರೂ ಸಿಗ್ತಾರಾ ಹುಡುಕ್ಬೇಕು. ಸಿಗೋತನಕ ನನ್ನ ಜೊತೆ ಕೂತು ಹೆದರೋಕೆ ಬಾ. ಹತ್ತು ವರ್ಷ ಒಬ್ಬನೇ ಹೆದರಿ ಸಾಕಾಗಿದೆ ಕಣಯ್ಯಾ."

ಮೂಗಣ್ಣ ಚೀಲ ಕೆಳಗಿಟ್ಟು, ಅವರ ಎದುರಿನ ಕುರ್ಚಿ ಎಳೆದುಕೊಂಡು ಕೂತ.