ಬೀಸುಕಲ್ಲಿನ ಎದುರಿನ ಚಾಪೆ

ಹಿತ್ತಲಿನ ತಂತಿಯ ಮೇಲೆ ನನ್ನ ಇಳಕಲ್ ಸೀರೆ ಒಣಗುತ್ತಿದೆ. ಸೀರೆ ನನ್ನದು, ನಾಟಕದಲ್ಲಿ ಉಟ್ಟವಳು ಮೊಮ್ಮಗಳು ರೂಪಾ. ಒಗೆದರೂ ಸೆರಗಿನ ಜೋಳದ ಹಿಟ್ಟಿನ ವಾಸನೆ ಹೋಗಿಲ್ಲ. ಹೋಗುವುದೂ ಬೇಡ ಅನ್ನಿ. ಬೆಳಗಿನಿಂದ ಹೋಗಿ ಹೋಗಿ ಮೂಸಿ ಬರುತ್ತಿದ್ದೇನೆ. ಸೊಸೆ ನೋಡಿ ನಗುತ್ತಾಳೆ, ನಗಲಿ.

ರೂಪಾ ಸದಲಗಾದಿಂದ ದಿನಾ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿಯ ನಾಟಕದಲ್ಲಿ ಅವಳಿಗೆ ಮುದುಕಿಯ ಪಾತ್ರ. ಆ ಮುದುಕಿ ತನ್ನ ಕಥೆ ಹೇಳುವುದಿಲ್ಲ, ಅಳುವುದಿಲ್ಲ, ಬೀಸುತ್ತ ಹಾಡುತ್ತಾಳೆ. ಅಷ್ಟರಲ್ಲೇ ಅವಳೆಂಥವಳು, ಯಾರನ್ನು ನೆನೆಯುತ್ತಾಳೆ ಎಂಬುದು ನೋಡುವವರಿಗೆ ತಿಳಿಯಬೇಕಂತೆ. ನಮ್ಮ ಹುಡುಗಿ ಬೆನ್ನು ಬಗ್ಗಿಸಿ ಕೆಮ್ಮಿದರೆ ಗೆಳತಿಯರು ಬಿದ್ದು ಬಿದ್ದು ನಕ್ಕರು. ಸೋಮವಾರದೊಳಗೆ ಸುಧಾರಿಸದಿದ್ದರೆ ಪಾತ್ರ ಬೇರೆಯವರಿಗೆ ಎಂದರು ನಾಟಕದ ಮಾಸ್ತರು.

"ಆಯಿ, ಮುದುಕ್ಯಾರು ಹ್ಯಾಂಗ ಇರ್ತಾರ, ತೋರಸ" ಎಂದು ಮೂಗೊರೆಸುತ್ತ ಬಂದಳು.

"ನನ್ನ ಯಾಕ ಕೇಳ್ತಿ? ನಾ ಏನ್ ಮುದುಕ್ಯೇನ?"

ಶಾಲೆಯನ್ನು ನಾನು ಹೊರಗಿನಿಂದ ಕಂಡದ್ದೇ ಹೆಚ್ಚು. ನಾಟಕದ ವಿದ್ಯೆ ನನಗೆಲ್ಲಿಂದ ಬರಬೇಕು? ನಡೆದು ತೋರಿಸಲು ಹೋದೆ. ಹಾಳಾದದ್ದು, ಆವತ್ತೇ ನನ್ನ ನಡು ನೆಟ್ಟಗೆ ನಿಂತಿತು!

ಕೊನೆಗೆ ಮಗ ನಳದ ಕೆಳಗೆ ಕೊಡ ಇಡಲು ಹಾಕಿದ್ದ ಬೀಸುಕಲ್ಲನ್ನು ಒಳಗೆ ತರಿಸಿದೆ. ಗೂಟ ಹಿಡಿದದ್ದೇ ತಡ, ಹಾಡು ತಾನಾಗಿ ಬಂತು.

"ಹೊಳಿಯ ದಾಟಿದ ಮ್ಯಾಲ ತವರೂರ..."

"ತಡಿ ಆಯಿ, 'ತವರೂರ' ಅಂದ ಕೂಡ್ಲೇ ಯಾಕ ನಿಲ್ತಿ? ಮುಂದ 'ದೀಪ' ಅಂತ ಐತೆಲ್ಲ?"

"ಅಲ್ಲೇ ನಮ್ಮತ್ತಿ ಹಿಡಿ ಜೋಳ ಹಾಕ್ತಿದ್ದಳು. 'ಹಾಕೀನಿ, ಎಳಿ' ಅಂತಿದ್ದಳು."

ನನ್ನತ್ತೆ ಎದುರಿನ ಚಾಪೆಯ ಮೇಲೆ ಕೂತು ಅದೇ ಗೂಟ ಹಿಡಿಯುತ್ತಿದ್ದವಳು. ಬಾಯಿ ಹಸಿ ಮೆಣಸಿನಕಾಯಿ. "ರೊಟ್ಟಿ ತಿಂದ ಕೈ ಏನಬೇ ಅದು?" ಎಂದು ಊರಿಗೆ ಕೇಳುವ ಹಾಗೆ ಗದರುತ್ತಿದ್ದಳು. ಹೊಸ ಸೊಸೆ ನಾನು. ತವರಿನ ಮಾತು ಬಂದರೆ ಅಳು ಬಂದು ಹಾಡು ಅಲ್ಲಿಗೇ ನಿಲ್ಲುತ್ತಿತ್ತು.

"ಕಲ್ಲ ತುಂಬಿದ್ರೂ ಅಲ್ಲೇ ಹಾಕ್ತಿದ್ದಳೇನ?" ರೂಪಾ ಕೇಳಿದಳು.

"ತುಂಬಿದ್ರೂ ಹಾಕ್ತಿದ್ದಳವ್ವಾ. ಹೊರಗ ಚೆಲ್ಲತಿತ್ತು."

ಹೇಳುತ್ತಲೇ ಗೂಟ ಬಿಟ್ಟೆ. ಇಷ್ಟು ವರ್ಷ ಅದನ್ನು ಅತ್ತೆಯ ಅವಸರ ಎಂದುಕೊಂಡಿದ್ದೆನಲ್ಲ! ನಾನು ಕಣ್ಣೊರೆಸಿಕೊಳ್ಳಲೆಂದು ಹಾಕುತ್ತಿದ್ದ ಹಿಡಿ ಅದು. ರೂಪಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಸೋಮವಾರ ಯಾರೂ ನಗಲಿಲ್ಲ. ಪಾತ್ರ ಉಳಿಯಿತು.

ನಾಟಕದ ದಿನ ನಾನು ಮುಂದಿನ ಸಾಲಿನಲ್ಲಿ. ಪರದೆ ಎದ್ದಿತು. ಒಂದು ಬೀಸುಕಲ್ಲು, ಎರಡು ಚಾಪೆ. ಒಂದರ ಮೇಲೆ ನನ್ನ ಸೀರೆಯುಟ್ಟ ಹುಡುಗಿ. ಎದುರಿನ ಚಾಪೆ ಖಾಲಿ. ಕೆಮ್ಮಿಲ್ಲ, ಗೂನುಬೆನ್ನಿಲ್ಲ. ಹಾರ್ಮೋನಿಯಂ ಪೇಟಿಯವರು ಮೆಲ್ಲಗೆ ಸ್ವರ ಹಿಡಿದರು. "ತವರೂರ..." ಎಂದು ಹಾಡು ನಿಂತಿತು, ಪೇಟಿಯೂ ನಿಂತಿತು, ಕಲ್ಲೂ ನಿಂತಿತು. ರೂಪಾ ಖಾಲಿ ಚಾಪೆಯ ಕಡೆ ಮುಖ ಎತ್ತಿ ಕಾದಳು. ನೋಡಿ, ಅತ್ತೆ ಅಲ್ಲಿ ಕೂತೇ ಇದ್ದಳು!

"ಹಾಕೀನಿ, ಎಳಿ!"

ಕೂಗಿದವಳು ನಾನೇ. ಮಂದಿ ಹೊರಳಿ ನೋಡಿದರು. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಟ ಕೆಡಿಸಿಬಿಟ್ಟೆನಲ್ಲ ಎಂದುಕೊಂಡೆ. ಆದರೆ ರೂಪಾ, ಆ ಮಾತಿಗೇ ಕಾದಿದ್ದವಳಂತೆ, ಗೂಟ ಎಳೆದಳು. "ದೀಪ" ಎಂದು ಹಾಡಿದಳು. ಚಪ್ಪಾಳೆ ಬಿದ್ದವು ನೋಡಿ, ಆಲಿಕಲ್ಲು ಬಿದ್ದ ಹಾಗೆ!

ಮಾಸ್ತರು ಬಂದು, "ಆಯಿ, ಅಥಣಿ ಆಟಕ್ಕೂ ನೀವು ಬರಾಕಽ ಬೇಕ್ರಿ" ಎಂದರು.

"ನನಗ ಬಣ್ಣ ಹಚ್ಚತೀರೇನ್ರಿ?"

"ಬ್ಯಾಡ್ರಿ. ಅಲ್ಲೇ ಕುಂತು ಕೂಗಿದ್ರ ಸಾಕ್ರಿ."

ಈಗ ಬೀಸುಕಲ್ಲು ಪಡಸಾಲೆಯಲ್ಲಿದೆ. ಮಗ ಕೊಡಕ್ಕೆ ಬೇರೆ ಕಲ್ಲು ಹುಡುಕಿಕೊಂಡಿದ್ದಾನೆ. ಅಥಣಿಯ ಆಟಕ್ಕೆ ತಾಲೀಮು ನಡೆಯಬೇಕಲ್ಲ, ಸೀರೆ ಒಣಗುವ ತನಕ ಒಮ್ಮೆ ಹಾಡೋಣ ಎಂದು ರೂಪಾ ಕರೆದಳು. ಅವಳು ನನ್ನ ಜಾಗದಲ್ಲಿ ಕೂತಳು. ನಾನು ಅತ್ತೆಯ ಜಾಗದಲ್ಲಿ. "ತವರೂರ" ಬಂತು. ಕಲ್ಲಿನ ಬಾಯಿ ತುಂಬಿಯೇ ಇತ್ತು. ಆದರೂ ಒಂದು ಹಿಡಿ ಹಾಕಿದೆ.