“ಸಿಕ್ತು” ಬೇರೆ, “ನೋಡಿದೆ” ಬೇರೆ

ನಮ್ಮ ಎಡಿಟಿಂಗ್ ಸ್ಟುಡಿಯೋದಲ್ಲಿ ಎಲ್ಲರಿಗೂ ಆಕೆ ಚೀಟಿಯಕ್ಕ. ಸ್ಟುಡಿಯೋ ಆಕೆಯ ತಮ್ಮನದು. ಆದರೆ ಹಾರ್ಡ್ ಡ್ರೈವ್‌ಗಳ ಕಪಾಟಿನ ಮುಂದೆ ತಮ್ಮನ ಆಟವೂ ನಡೆಯುವುದಿಲ್ಲ. ಯಾವ ವಿಡಿಯೋ ಯಾವ ಡ್ರೈವ್‌ನಲ್ಲಿದೆ ಎಂದು ಕೇಳಿದರೆ ಸಾಕು, ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಕೆಲಸ ಮುಗಿಯದ ಡ್ರೈವ್‌ಗೆ ಕೆಂಪು ಚೀಟಿ ಅಂಟಿಸುತ್ತಾಳೆ. ಅದಕ್ಕೆ ಕೈ ಹಾಕಿದವರ ಗ್ರಹಚಾರ ಬಿಡಿಸುತ್ತಾಳೆ; ನನ್ನದನ್ನೂ ಬಿಡಿಸಿದ್ದಾಳೆ.

ಚೀಟಿ ಕೀಳುವುದರಲ್ಲೂ ಆಕೆಯದು ಒಂದೇ ಹಟ. ಗಿರಾಕಿ “ಸಿಕ್ತು” ಎಂದರೆ ಸಾಲದು, “ನೋಡಿದೆ” ಎನ್ನಬೇಕು.

ಕಳೆದ ತಿಂಗಳು ಇದಕ್ಕೇ ಅಕ್ಕ-ತಮ್ಮನಿಗೆ ಜಟಾಪಟಿಯಾಯಿತು. ಒಬ್ಬ ಹಾಡುಗಾರ್ತಿಗೆ ಗಂಟಲಿನ ಆಪರೇಷನ್ ಆಗಬೇಕಿತ್ತು. ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೆ ಮಗಳು ತಾಯಿಯ ಹಾಡು, ಮಾತುಗಳನ್ನೆಲ್ಲ ಮುಂಚೆಯೇ ನಮ್ಮಿಂದ ಶೂಟಿಂಗ್ ಮಾಡಿಸಿದ್ದಳು. ಆಪರೇಷನ್ ಆಯಿತು; ನಾನು ಎಡಿಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟೂ ಆಗಿತ್ತು. ಅಷ್ಟರಲ್ಲಿ ದೊಡ್ಡದೊಂದು ಜಾಹೀರಾತಿನ ಕೆಲಸ ಬಂತು. ಡ್ರೈವ್‌ಗಳಲ್ಲಿ ಜಾಗವಿಲ್ಲ.

“ಅಕ್ಕ, ಆ ಹಾಡಿಂದು ಖಾಲಿ ಮಾಡು. ಸಿಕ್ತು ಅಂದ್ರಲ್ಲ!” ತಮ್ಮ ರೇಗಿದ.

“ನೋಡಿದೆ ಅಂದ್ರಾ?”

“ನಿನ್ನ ಹತ್ರ ಯಾರು ತಲೆ ಚಚ್ಚಿಕೊಳ್ತಾರೆ!”

ಅಕ್ಕ ಅಲ್ಲೇ ಮಗಳಿಗೆ ಫೋನ್ ಮಾಡಿದಳು. “ನೋಡಿದ್ರೇನಮ್ಮಾ?”

“ಇಲ್ಲ ಮೇಡಂ. ಅಮ್ಮನಿಗೆ ಇನ್ನೂ ಧೈರ್ಯ ಸಾಲ್ತಿಲ್ಲ.”

“ಅವಸರ ಇಲ್ಲ ಬಿಡಿ. ಇಲ್ಲಿ ಭದ್ರವಾಗಿದೆ.”

ತಮ್ಮ ಗೊಣಗುತ್ತಲೇ ಹೋಗಿ ಹೊಸ ಡ್ರೈವ್ ತಂದ.

ಮುಂದಿನ ವಾರ ಮಗಳು ಅಳುತ್ತಾ ಬಂದಳು, ಹಿಂದೆಯೇ ತಾಯಿ. ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡು ಕೂತರೆ ಪೆನ್‌ಡ್ರೈವ್ ತೆರೆಯಲೇ ಇಲ್ಲವಂತೆ. ನಾನು ಹಾಕಿ ನೋಡಿದೆ; ನನ್ನ ಕಂಪ್ಯೂಟರಿನಲ್ಲೂ ತೆರೆಯಲಿಲ್ಲ. ಚೀಟಿಯಕ್ಕ ಮಾತ್ರ ನೆಟ್ಟಗೆ ಕಪಾಟಿಗೆ ಹೋಗಿ, ಕೆಂಪು ಚೀಟಿಯ ಡ್ರೈವ್ ತಂದು ನನ್ನ ಮುಂದಿಟ್ಟಳು.

“ಮೊದಲು ಕಾಪಿ ಮಾಡು. ಆ ಕಾಪಿಯಿಂದಲೇ ತೋರಿಸು.”

ಪರದೆಯ ಮೇಲೆ ಆ ತಾಯಿ ಹಾಡತೊಡಗಿದರು. ಕುರ್ಚಿಯಲ್ಲಿ ಅದೇ ತಾಯಿ ಮಗಳ ಕೈ ಹಿಡಿದು ಕದಲದೆ ಕೂತಿದ್ದರು. ಹಾಡಿನ ನಡುವೆ ಸಾಲು ಮರೆತು ಪಕಪಕನೆ ನಕ್ಕಿದ್ದು ಬಂದಾಗ ಅವರೂ ನಕ್ಕರು, ಸದ್ದಿಲ್ಲದೆ. ನನಗೆ ಅಳು ತಡೆಯಲಾಗಲಿಲ್ಲ.

ಮುಗಿದ ಮೇಲೆ ಅಕ್ಕ ಚೀಟಿಯ ತುದಿಗೆ ಉಗುರು ಹಾಕಿ ಕೇಳಿದಳು, “ನೋಡಿದ್ರಾ ಅಮ್ಮಾ?”

ಅವರು ತುಟಿ ಅಲ್ಲಾಡಿಸಿದರು. ನಮಗೆ ತಿಳಿಯಲಿಲ್ಲ.

“ಇನ್ನೊಂದ್ಸಲ ಅಂತಿದಾರೆ,” ಎಂದಳು ಮಗಳು.

ಅಕ್ಕ ಚೀಟಿಯನ್ನು ಮತ್ತೆ ಒತ್ತಿ ಅಂಟಿಸಿ, ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದಳು.

“ಇನ್ನೂ ನೋಡ್ತಾ ಇದಾರೆ ಕಣೋ.”